ಜಮೀನು ಪಾಲಾದ ಮೇಲೂ ಒಕ್ಕಲುತನದ ಮನೆಯ ಸಂಬಂಧಗಳು ಉಳಿಯುತ್ತವೆಯೇ?

ಅಜ್ಜನ ಕಾಲದ ಜಮೀನು ಈ ವರ್ಷ ಪಾಲಾಗುತ್ತಿದೆ, ಆಮೇಲೆ ದೊಡ್ಡಪ್ಪ, ಕಾಕಾಂದಿರ ಮನೆಗಳೊಡನೆ ಸಂಬಂಧ ಉಳಿಯುತ್ತದೆಯೇ ಎಂದು ಕೇಳಿದ್ದೀರಿ. ವಿಜಯಪುರ ಜಿಲ್ಲೆಯಲ್ಲಿ, ಡೋಣಿ ಹೊಳೆಯ ದಂಡೆಯ ಹಳ್ಳಿಯೊಂದರ ಕೂಡು ಮನೆಯಲ್ಲಿ ಬೆಳೆದವನಾಗಿ ಹೇಳುತ್ತೇನೆ: ಉಳಿಯುತ್ತದೆ, ಆದರೆ ಎಲ್ಲರೂ ಸೇರಿ ಮಾಡಲೇಬೇಕಾದ ಕೆಲಸ ಏನಾದರೂ ಉಳಿದಿದ್ದರೆ ಮಾತ್ರ. ನಮ್ಮ ಹಿರಿಯರನ್ನು ಒಂದೇ ಸೂರಿನಡಿ ಹಿಡಿದಿಟ್ಟದ್ದು ಅಂತಃಕರಣವೊಂದೇ ಅಲ್ಲ. ಎರೆಭೂಮಿಯ, ಅಂದರೆ ಕಪ್ಪು ಮಣ್ಣಿನ ಹೊಲದ, ಬೇಸಾಯ ಅಷ್ಟು ಕೈಗಳನ್ನು ಬೇಡುತ್ತಿತ್ತು.

ನಮ್ಮಲ್ಲಿ ಬಿಳಿಜೋಳವನ್ನು ಮಳೆಗಾಲ ಮುಗಿಯುವ ಹೊತ್ತಿಗೆ, ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬಿತ್ತುತ್ತಾರೆ. ಮಣ್ಣು ಹಿಡಿದಿಟ್ಟುಕೊಂಡ ಹಸಿಯ ಮೇಲೆಯೇ ಬೆಳೆ ಬರಬೇಕಾದ್ದರಿಂದ, ಆ ಹಸಿ ಆರುವುದರೊಳಗೆ ಬಿತ್ತಿಗೆ ಮುಗಿಯಲೇಬೇಕು. ಹೀಗಾಗಿ ಆ ದಿನಗಳಲ್ಲಿ ಮನೆಯ ಎಲ್ಲ ಎತ್ತುಗಳೂ ಎಲ್ಲ ಜನರೂ ಹೊಲದಲ್ಲಿರುತ್ತಿದ್ದರು. ದೊಡ್ಡಪ್ಪ ಎತ್ತು ಹೊಡೆಯುತ್ತಿದ್ದರೆ, ದೊಡ್ಡವ್ವ ಮತ್ತು ಚಿಗವ್ವ ಉಡಿಯಲ್ಲಿ ಬೀಜ ಕಟ್ಟಿಕೊಂಡು ಕೂರಿಗೆಯ ಬಟ್ಟಲಿಗೆ ಸರದಿಯ ಮೇಲೆ ಕಾಳು ಬಿಡುತ್ತ ಹಿಂದೆ ನಡೆಯುತ್ತಿದ್ದರು. ಕೈ ತುಸು ತಡೆದರೂ ಸಾಲಿನ ನಡುವೆ ಬರಿ ನೆಲ ಉಳಿಯುತ್ತಿತ್ತು. ಮೊಳಕೆ ಎದ್ದ ಮೇಲೆ ಅದು ಇಡೀ ಊರಿಗೆ ಕಾಣುತ್ತಿತ್ತು. ಸುಗ್ಗಿಯಲ್ಲಿ ಜೋಳವನ್ನು ಕೊಯ್ಯುತ್ತಿರಲಿಲ್ಲ, ಬಿರುಕು ಬಿಟ್ಟ ನೆಲದಿಂದ ಬೇರುಸಹಿತ ಕೀಳುತ್ತಿದ್ದರು. ಅಂಗೈ ಬೊಕ್ಕೆ ಏಳುವ ಆ ಕೆಲಸಕ್ಕೆ ಅವ್ವನ ತವರಿನಿಂದ ಸೋದರಮಾವಂದಿರು ಬರುತ್ತಿದ್ದರು, ಅವರ ಊರಿನ ಸುಗ್ಗಿಗೆ ನಮ್ಮವರು ಮುಯ್ಯಾಳಾಗಿ ಹೋಗುತ್ತಿದ್ದರು.

ನನಗೆ ಅತ್ಯಂತ ಸ್ಪಷ್ಟವಾಗಿ ನೆನಪಿರುವುದು ಹಗೇವು ತೆಗೆಯುವ ದಿನ. ವಾಡೆಯ ಮುಂದಿನ ನೆಲದೊಳಗೆ ಜೋಳ ತುಂಬಿಟ್ಟ ಆ ಆಳದ ಗುಂಡಿಯ ಬಾಯಿಯ ಕಲ್ಲನ್ನು ಸರಿಸಿದ ಕೂಡಲೇ ಯಾರೂ ಇಳಿಯುವಂತಿರಲಿಲ್ಲ, ಏಕೆಂದರೆ ಒಳಗಿನ ಕೆಟ್ಟ ಗಾಳಿಗೆ ಉಸಿರುಗಟ್ಟಿ ಪ್ರಾಣ ಹೋಗುವ ಭಯವಿತ್ತು. ಬಹಳ ಹೊತ್ತು ಹಾಗೆಯೇ ಬಿಟ್ಟು, ಅಜ್ಜ ಹಗ್ಗಕ್ಕೆ ಕಂದೀಲು ಕಟ್ಟಿ ಕೆಳಗಿಳಿಸಿ, ದೀಪ ಉರಿಯುತ್ತಲೇ ಇದ್ದರೆ ಮಾತ್ರ ಕಾಕಾನಿಗೆ ಇಳಿಯಲು ಅಪ್ಪಣೆ ಕೊಡುತ್ತಿದ್ದರು. ಮೇಲೆ ಬಂದ ಜೋಳದಲ್ಲಿ ಗೋಡೆಗೆ ತಾಗಿದ ಕಾಳು ಮುಗ್ಗು ಹಿಡಿದು ಕಂದಿರುತ್ತಿತ್ತು. ಅದನ್ನು ಬೇರೆ ಮಾಡಿ, ಒಳ್ಳೆಯ ಕಾಳಿನಲ್ಲಿ ಮೊದಲು ಬಡಿಗ, ಕಂಬಾರ ಮೊದಲಾದ ಆಯಗಾರರಿಗೆ, ಅಂದರೆ ಊರಿನ ಕೆಲಸಕ್ಕೆ ಕಾಳಿನ ರೂಪದಲ್ಲಿ ಪಾಲು ಪಡೆಯುವವರಿಗೆ, ಅಳೆದು, ಅನಂತರವೇ ಮನೆಯ ಲೆಕ್ಕಕ್ಕೆ ಕೈ ಹಾಕುತ್ತಿದ್ದರು. ಡೋಣಿ ಬೆಳೆದರೆ ಓಣೆಲ್ಲ ಕಾಳು ಎಂದು ನಮ್ಮ ಕಡೆ ಹೇಳುವ ಮಾತಿಗೆ ನಿಜವಾದ ಅರ್ಥ ಅಂದು ಕಾಣುತ್ತಿತ್ತು.

ಟ್ರ್ಯಾಕ್ಟರ್ ಬಂತು, ರಾಶಿ ಮಾಡುವ ಯಂತ್ರ ಬಂತು, ಕಣದಲ್ಲಿ ಎತ್ತುಗಳಿಂದ ತೆನೆ ತುಳಿಸುವ ಹಂತಿ ಕಟ್ಟುವುದು ನಿಂತಿತು. ಅಷ್ಟು ಕೈಗಳ ಅಗತ್ಯ ತಪ್ಪಿದ ಕೆಲವು ವರ್ಷಗಳಲ್ಲೇ ನಮ್ಮ ಮನೆಯೂ ಬೇರೆಯಾಯಿತು. ಇದನ್ನು ಯಾರ ದೋಷವೆಂದೂ ನಾನು ಭಾವಿಸುವುದಿಲ್ಲ. ನಮ್ಮನ್ನು ಉಳಿಸಿದ್ದು ಬಾವಿ. ಡೋಣಿಯ ನೀರು ಸವಳು, ಆದ್ದರಿಂದ ಹೊಲದಲ್ಲಿ ಸಿಹಿನೀರಿನ ಬಾವಿ ಇರುವುದು ದೊಡ್ಡ ಭಾಗ್ಯ. ಅಜ್ಜ ಅದನ್ನು ಯಾರ ಪಾಲಿಗೂ ಹಾಕಲು ಒಪ್ಪದೆ, ಮೂರೂ ಮನೆಗಳಿಗೆ ಪಾಳಿ ಗೊತ್ತು ಮಾಡಿದರು. ಬಾವಿಯ ಹೂಳು ತೆಗೆಯಬೇಕಾದಾಗ, ಮೋಟಾರು ಸುಟ್ಟಾಗ ಮೂವರೂ ಕೂಡಿ ಕೂರಲೇಬೇಕು, ಎರಡು ಮನೆಗಳ ನಡುವೆ ಮಾತು ನಿಂತಿದ್ದರೂ ಮೂರನೆಯವರು ನಡುವೆ ಬಂದು ಮಾತಾಡಿಸಲೇಬೇಕು. ಎಳ್ಳಮಾವಾಸ್ಯೆಯಂದು ಹೊಲಕ್ಕೆ ಎಡೆಯ ಅಡುಗೆ ಎರಚುವ ಚರಗ ಚೆಲ್ಲುವುದೂ ಇಂದಿಗೂ ಆ ಬಾವಿಯ ಹೊಲದಲ್ಲಿಯೇ; ಸಜ್ಜಿರೊಟ್ಟಿ, ಭರ್ತ, ಶೇಂಗಾ ಹೋಳಿಗೆಗಳ ಬುತ್ತಿ ಮೂರು ಮನೆಯಿಂದ ಬಂದರೂ ಬಿಚ್ಚುವುದು ಒಂದೇ ಕಡೆ.

ಅತ್ತೆಯಂದಿರ ವಿಷಯವನ್ನು ಮಾತ್ರ ನಾನು ಇಷ್ಟು ಸಮಾಧಾನದಿಂದ ಹೇಳಲಾರೆ. ಪ್ರತಿ ಪಂಚಮಿಗೆ ಚಕ್ಕಡಿ ಹೂಡಿಕೊಂಡು ಹೋಗಿ ಅವರನ್ನು ಕರೆತರುತ್ತಿದ್ದರು, ಉಡಿ ತುಂಬಿ ಕಳಿಸುತ್ತಿದ್ದರು. ಆದರೆ ಪಾಲಿನ ದಿನ ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಅವರ ಸಹಿ ತೆಗೆದುಕೊಂಡರೇ ಹೊರತು ಅವರ ಮನಸ್ಸಿನಲ್ಲಿ ಏನಿದೆಯೆಂದು ಕೇಳಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕಿದೆ. ಪಂಚಮಿಯ ಸೀರೆ ಆ ಹಕ್ಕಿಗೆ ಬದಲಾಗದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಚಿಕ್ಕತ್ತೆ ಆ ವರ್ಷದಿಂದ ಹಬ್ಬಕ್ಕೆ ಬರುವುದನ್ನೇ ಕಡಿಮೆ ಮಾಡಿದರು, ಆ ನೋವು ನಮ್ಮ ಮನೆಯಲ್ಲಿ ಇನ್ನೂ ಹಾಗೆಯೇ ಇದೆ.

ಆದ್ದರಿಂದ ನಿಮ್ಮ ವಾಟ್ನಿ ಪತ್ರ, ಅಂದರೆ ಪಾಲಿನ ಪತ್ರ, ಬರೆಯುವ ಮುನ್ನ ಅತ್ತೆಯಂದಿರನ್ನು ಕರೆಸಿ, ಸಹಿಯ ಮಾತು ಎತ್ತುವ ಮೊದಲು ಅವರ ಇಚ್ಛೆಯನ್ನು ಕೇಳಿ. ಬಾವಿ ಇದ್ದರೆ ಸಾಮಾಯಿಕವಾಗಿಯೇ ಇಡಿ, ಯಾವ ದಿನ ಯಾರ ಪಾಳಿ, ದುರಸ್ತಿಯ ಖರ್ಚು ಹೇಗೆ ಎಂಬುದನ್ನು ಪತ್ರದಲ್ಲಿಯೇ ಬರೆಸಿ. ಹಿಂದಿನ ಹೊಲಕ್ಕೆ ಹೋಗುವ ಬಂಡಿದಾರಿಯನ್ನೂ ನಕ್ಷೆಯಲ್ಲಿ ತೋರಿಸಿರಿ. ನಮ್ಮ ಊರಿನಲ್ಲಿ ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತಿದ್ದು ಬಹುಪಾಲು ಆ ದಾರಿಯ ಸಲುವಾಗಿಯೇ.