ಚೀನೀ ಅಕ್ಷರ ಬರೆಯಲು ಬಾಗಿದ ನಿಬ್ಬಿನ ಇಂಕ್ ಪೆನ್ನೇ ಬೇಕಾ?

ಮ್ಯಾಂಡರಿನ್ ಕ್ಲಾಸಿಗೆ ಸೇರಿದ್ದೀರಿ, ದಿನವೂ ಪುಟಗಟ್ಟಲೆ ಅಕ್ಷರ ತಿದ್ದಬೇಕು, ಜಪಾನಿನ ಸೇಲರ್ ಕಂಪನಿಯ ಫುದೆ ನಿಬ್ಬಿನ, ಅಂದರೆ ತುದಿ ಬಾಗಿಸಿದ ನಿಬ್ಬಿನ, ಪೆನ್ನುಗಳಲ್ಲಿ 40 ಡಿಗ್ರಿಯದು ಕೊಳ್ಳಲೋ 55 ಡಿಗ್ರಿಯದೋ ಎಂದು ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ನಾನು ಕಲಿಯಲು ಕೂತಾಗ ಮೊದಲು ತರಿಸಿದ್ದು ಆ ಹಸಿರು ಮೈಯ 55 ಡಿಗ್ರಿ ಪೆನ್ನನ್ನೇ. ಚೀನೀ ಅಕ್ಷರಕ್ಕೆಂದೇ ಮಾಡಿದ ನಿಬ್ಬು ಎಂದರೆ ಅಕ್ಷರ ತಾನಾಗಿ ಕುಂಚದಲ್ಲಿ ಬರೆದಂತೆ ಬರುತ್ತದೆ ಎಂದುಕೊಂಡು, ಕನ್ನಡ ಬರೆಯುವಾಗ ಹಿಡಿಯುವ ಹಾಗೆಯೇ ಹಿಡಿದು ಬರೆದೆ. ಅಡ್ಡಗೆರೆಗಳೆಲ್ಲ ದಪ್ಪವಾದವು, ನಿಲುಗೆರೆಗಳು ಸೊರಗಿದವು. ಚೀನೀ ಅಕ್ಷರಕ್ಕೆ ಬೇಕಾದದ್ದು ಇದಕ್ಕೆ ಸರಿಯಾಗಿ ತಿರುವುಮುರುವು. ಕಾರಣ ತಿಳಿಯುವ ಹೊತ್ತಿಗೆ ಕೈ ಅದಕ್ಕೇ ಒಗ್ಗಿಹೋಗಿತ್ತು. ಈ ಹಿಡಿತದ ತಪ್ಪನ್ನು ಸ್ವಲ್ಪ ಉದ್ದವಾಗಿಯೇ ಬಿಡಿಸಿ ಹೇಳುತ್ತೇನೆ, ಏಕೆಂದರೆ ಪೆನ್ನಿನ ಡಬ್ಬಿಯ ಮೇಲೆ ಇದನ್ನು ಯಾರೂ ಬರೆದಿರುವುದಿಲ್ಲ.

ಫುದೆ ನಿಬ್ಬಿನ ತುದಿಯನ್ನು ಮೇಲ್ಮುಖವಾಗಿ ಬಾಗಿಸಿರುತ್ತಾರೆ. ದೋಸೆ ಮಗುಚುವ ಸಟ್ಟುಗದ ಹಾಗೆ, ಹಿಡಿ ಓರೆಯಾಗಿ ಮೇಲಕ್ಕಿದ್ದರೂ ತುದಿಯ ಪಟ್ಟಿ ಕಾಗದದ ಮೇಲೆ ಚಪ್ಪಟೆಯಾಗಿ ಕೂರುತ್ತದೆ. ಪೆನ್ನು ಕಾಗದಕ್ಕೆ ಎಷ್ಟು ಡಿಗ್ರಿಯಲ್ಲಿದ್ದಾಗ ಪಟ್ಟಿ ಪೂರ್ತಿ ಕೂರುತ್ತದೆ ಎಂಬುದೇ ಆ 40 ಮತ್ತು 55. ಪೆನ್ನನ್ನು ಒರಗಿಸಿ ಹಿಡಿಯುವವರಿಗೆ 40, ನಿಲ್ಲಿಸಿ ಹಿಡಿಯುವವರಿಗೆ 55. ಆ ಕೋನಕ್ಕಿಂತ ಮೇಲೆತ್ತಿದರೆ ಪಟ್ಟಿಯ ಮುಂದಿನ ಅಂಚು ಮಾತ್ರ ತಾಗಿ ಗೆರೆ ಸಣ್ಣದಾಗುತ್ತದೆ. ನಿಬ್ಬನ್ನು ಮಗುಚಿ ಬೆನ್ನಿನಿಂದ ಬರೆದರೆ ಇನ್ನೂ ಸಣ್ಣ. ಇಷ್ಟು ಎಲ್ಲರಿಗೂ ಗೊತ್ತಿರುತ್ತದೆ.

ಗೊತ್ತಿಲ್ಲದಿರುವುದು ದಿಕ್ಕಿನ ಲೆಕ್ಕ. ಕಾಗದಕ್ಕೆ ತಾಗುವ ಪಟ್ಟಿ ಅಗಲಕ್ಕಿಂತ ಉದ್ದ ಹೆಚ್ಚಿರುವಂಥದ್ದು, ಆ ಉದ್ದ ಪೆನ್ನು ಒರಗಿದ ದಿಕ್ಕಿಗೇ ಇರುತ್ತದೆ. ಪೆನ್ನು ಯಾವ ಕಡೆಗೆ ಒರಗಿದೆಯೋ ಆ ದಾರಿಯಲ್ಲೇ ಎಳೆದ ಗೆರೆ ಸಣ್ಣ, ಅದಕ್ಕೆ ಅಡ್ಡಡ್ಡವಾಗಿ ಎಳೆದ ಗೆರೆ ದಪ್ಪ. ಹಾಳೆಯನ್ನು ಗಡಿಯಾರದ ಮುಖ ಅಂದುಕೊಳ್ಳಿ, 6 ನಿಮ್ಮ ಎದೆಯ ಕಡೆಗೆ. ಬಲಗೈಯಲ್ಲಿ ಬರೆಯುವವರ ಪೆನ್ನಿನ ಬಾಲ ಸಾಮಾನ್ಯವಾಗಿ ನಾಲ್ಕೂವರೆಯ ಕಡೆಗೆ ಒರಗಿರುತ್ತದೆ. ಆಗ ಅಡ್ಡಗೆರೆಯೂ ನಿಲುಗೆರೆಯೂ ಒಂದೇ ದಪ್ಪ. ಮೇಲಿನಿಂದ ಎಡಕ್ಕೆ ಇಳಿಯುವ ಪಿಯೆ ಗೆರೆ ಎಲ್ಲಕ್ಕಿಂತ ದಪ್ಪ. ಮೇಲಿನಿಂದ ಬಲಕ್ಕೆ ಇಳಿಯುವ ನಾ ಗೆರೆ ಎಲ್ಲಕ್ಕಿಂತ ಸಣ್ಣ. ಕೆಟ್ಟದ್ದು ಇದೇ. ಕಾಯ್‌ಶೂ ಎಂಬ ನೇರ ಬರಹದ ಶೈಲಿಯಲ್ಲಿ ನಾ ಗೆರೆ ತೆಳ್ಳಗೆ ಹೊರಟು, ಕೆಳಗೆ ಪಾದ ಊರಿದ ಹಾಗೆ ದಪ್ಪವಾಗಿ, ಆಮೇಲೆ ಬಲಕ್ಕೆ ಮೊನಚಾಗಬೇಕು. ಇಡೀ ಅಕ್ಷರದ ತೂಕ ಎಷ್ಟೋ ಸಲ ಅದರ ಮೇಲೇ ನಿಂತಿರುತ್ತದೆ. ಆ ಗೆರೆಯನ್ನೇ ಈ ಹಿಡಿತ ಕಡ್ಡಿ ಮಾಡಿಬಿಡುತ್ತದೆ.

ಇದರ ಜೊತೆಗೆ ಇನ್ನೊಂದು ಅಭ್ಯಾಸ ಸೇರುತ್ತದೆ. ನಮ್ಮಲ್ಲಿ ಬಹಳ ಜನ ಹಾಳೆಯ ತಲೆಯನ್ನು ಎಡಕ್ಕೆ ವಾಲಿಸಿಟ್ಟುಕೊಂಡು ಬರೆಯುತ್ತಾರೆ. ಹಾಳೆ ಹಾಗೆ ತಿರುಗಿದಾಗ, ಹಾಳೆಯ ಲೆಕ್ಕದಲ್ಲಿ ಪೆನ್ನಿನ ಬಾಲ ನಾಲ್ಕೂವರೆಯಿಂದ ಐದೂವರೆಗೆ, ಆರಕ್ಕೆ ಹೋಗಿಬಿಡುತ್ತದೆ. ಆಗ ಅಡ್ಡಗೆರೆ ಪೂರ್ತಿ ದಪ್ಪ, ನಿಲುಗೆರೆ ಪೂರ್ತಿ ಸಣ್ಣ. ಚೀನೀ ಬರಹದ ಕಣ್ಣು ಬೇಡುವುದು ಸಣ್ಣ ಅಡ್ಡಗೆರೆ, ದಪ್ಪ ನಿಲುಗೆರೆ. ಸೋಂಗ್ ಎಂಬ ಚೀನೀ ಅಚ್ಚಕ್ಷರದ ಶೈಲಿಯಲ್ಲಿ ಇದು ಎದ್ದು ಕಾಣುತ್ತದೆ. ಮರದ ಹಲಗೆಯಲ್ಲಿ ಅಕ್ಷರ ಕೊರೆಯುತ್ತಿದ್ದ ಕಾಲದಲ್ಲಿ ಹಲಗೆಯ ಎಳೆ ಅಡ್ಡಕ್ಕೆ ಇರುತ್ತಿತ್ತು. ಎಳೆಯ ಜೊತೆ ಓಡುವ ಅಡ್ಡಗೆರೆ ತೆಳ್ಳಗಿದ್ದರೂ ಗಟ್ಟಿ ನಿಲ್ಲುತ್ತಿತ್ತು, ಎಳೆಯನ್ನು ಕತ್ತರಿಸುವ ನಿಲುಗೆರೆಯನ್ನು ದಪ್ಪ ಬಿಡಬೇಕಾಗುತ್ತಿತ್ತು. ಒಂದೇ ಹಾಳೆಯಲ್ಲಿ ಒಂದೇ ಅಕ್ಷರವನ್ನು ಎರಡು ಬಗೆಯಲ್ಲಿ ಬರೆದು ಪಕ್ಕದಲ್ಲಿಟ್ಟರೆ, ಚೀನೀ ಬಾರದವರಿಗೂ ಯಾವುದು ಸರಿ ಎಂದು ತಿಳಿಯುತ್ತದೆ.

ಹಾಗಾದರೆ ಈ ನಿಬ್ಬನ್ನು ಹಿಡಿಯುವುದು ಹೇಗೆ? ಮೊದಲು ಹಾಳೆ ನೆಟ್ಟಗಿರಬೇಕು, ಅದರ ಅಂಚು ಮೇಜಿನ ಅಂಚಿಗೆ ಸಮನಾಗಿ. ಮೊಣಕೈಯನ್ನು ಮೈಯಿಂದ ಸ್ವಲ್ಪ ದೂರ ಸರಿಸಿ, ಪೆನ್ನಿನ ಬಾಲವನ್ನು 3ರ ಕಡೆಗೆ ತನ್ನಿ. ಬೆರಳಲ್ಲಿ ಪೆನ್ನನ್ನು ಉರುಳಿಸಬಾರದು, ನಿಬ್ಬಿನ ಸೀಳು ಮೇಲೆಯೇ ಇರಬೇಕು, ತಿರುಗಬೇಕಾದದ್ದು ಇಡೀ ಕೈ. ಈಗ ಅಡ್ಡಗೆರೆ ತಾನಾಗಿ ಸಣ್ಣ, ನಿಲುಗೆರೆ ತಾನಾಗಿ ದಪ್ಪ, ಪಿಯೆ ಮತ್ತು ನಾ ಎರಡೂ ನಡುವಿನವು. ನಾ ಗೆರೆಯ ಪಾದಕ್ಕೆ ಪೆನ್ನನ್ನು ಎತ್ತಿ ಶುರುಮಾಡಿ, ಇಳಿಯುತ್ತ ಇಳಿಯುತ್ತ ಬಾಲವನ್ನು ತಗ್ಗಿಸಿ, ಕೊನೆಯಲ್ಲಿ ಮತ್ತೆ ಎತ್ತಿ ಬಿಡಬೇಕು. ಪಿಯೆಗೆ ಇದರ ತಿರುವು, ತಗ್ಗಿಸಿ ಶುರು, ಎತ್ತುತ್ತ ಮುಗಿಸು. ಎಡಗೈಯವರಾದರೆ ಬಾಲ ಏಳೂವರೆಯ ಕಡೆಗಿರುತ್ತದೆ. ಅವರಿಗೆ ನಾ ಸಲೀಸಾಗಿ ದಪ್ಪ ಬರುತ್ತದೆ, ಪಿಯೆಯೇ ಕಡ್ಡಿಯಾಗುತ್ತದೆ.

ಒತ್ತಬೇಡಿ. ಕುಂಚವನ್ನು ಒತ್ತಿದರೆ ಗೆರೆ ದಪ್ಪವಾಗುತ್ತದೆ ಎಂಬ ನೆನಪಿನಲ್ಲಿ ಈ ನಿಬ್ಬನ್ನೂ ಒತ್ತುವವರಿದ್ದಾರೆ. ಇದು ಬಾಗಿಸಿದ ಉಕ್ಕು, ಮೆತ್ತಗಿನ ನಿಬ್ಬಲ್ಲ. ಒತ್ತಿದರೆ ಬಾಗಿದ ಜಾಗದಲ್ಲಿ ಸೀಳು ಬಾಯಿಬಿಡುತ್ತದೆ, ಸೀಳಿನ ಎರಡು ಬದಿಯ ಹಲ್ಲುಗಳು ಒಂದೇ ಮಟ್ಟದಲ್ಲಿ ಉಳಿಯುವುದಿಲ್ಲ. ಆಮೇಲೆ ಗೆರೆಯ ನಡುವೆ ಬಿಳಿ ಬಿಡುತ್ತದೆ.

ಈಗ ನಿಮ್ಮ ನಿಜವಾದ ಕೆಲಸಕ್ಕೆ ಬರೋಣ. ಕ್ಲಾಸಿನ ತಿದ್ದುವಿಕೆ ಎಂದರೆ ಚೌಕಗಳ ಪುಸ್ತಕ, ಒಂದೊಂದು ಚೌಕ 10–12 ಮಿಲಿಮೀಟರ್. ನೋಟ್ಸ್ ಬರೆಯುವಾಗ ಗೆರೆ ಹಾಳೆಯಲ್ಲಿ ಅಕ್ಷರದ ಎತ್ತರ 7 ಮಿಲಿಮೀಟರ್ ಸಿಕ್ಕರೆ ಹೆಚ್ಚು. ‘ಪ್ರಮಾಣ’ ಎಂಬರ್ಥದ ಲಿಯಾಂಗ್ ಅಕ್ಷರವನ್ನೇ ತೆಗೆದುಕೊಳ್ಳಿ. 12 ಗೆರೆಯ ಅಕ್ಷರ, ಅಪರೂಪದ್ದೇನಲ್ಲ, ದಿನಬಳಕೆಯದ್ದು. ಅದನ್ನು ಮೇಲಿನಿಂದ ಕೆಳಗೆ ಎಣಿಸಿದರೆ 9 ಅಡ್ಡ ಎಳೆಗಳು, ನಡುವೆ 8 ಸಂದುಗಳು. ಗೆರೆ 0.6 ಮಿಲಿಮೀಟರ್ ದಪ್ಪ ಇದ್ದರೆ 9 ಗೆರೆಗೇ 5.4 ಹೋಯಿತು. ಉಳಿದ 1.6ನ್ನು 8 ಸಂದುಗಳಿಗೆ ಹಂಚಿದರೆ ಒಂದಕ್ಕೆ 0.2. ಇಂಕು ಕೂದಲೆಳೆಯಷ್ಟು ಹರಡಿದರೂ ಸಂದು ಮುಚ್ಚಿ ಅಕ್ಷರ ಕಪ್ಪು ಮುದ್ದೆ. ಅದೇ ಗೆರೆ 0.3 ಆದರೆ ಪ್ರತಿ ಸಂದಿಗೂ ಅರ್ಧ ಮಿಲಿಮೀಟರ್‌ಗಿಂತ ಹೆಚ್ಚು ಸಿಗುತ್ತದೆ, ಅಕ್ಷರ ಉಸಿರಾಡುತ್ತದೆ. ಜಪಾನಿನ ಪೈಲಟ್, ಪ್ಲಾಟಿನಂ, ಸೇಲರ್ ಕಂಪನಿಗಳ ನಿಬ್ಬುಗಳು ಯುರೋಪಿನ ನಿಬ್ಬುಗಳಿಗಿಂತ ಸುಮಾರು ಒಂದು ಅಳತೆ ಸಣ್ಣ ಇರುವುದಕ್ಕೆ ಇದೇ ಕಾರಣ. ಜಪಾನಿನ ಮೀಡಿಯಂ ಯುರೋಪಿನ ಫೈನಿಗೆ ಹತ್ತಿರ. ನನ್ನ ಮಟ್ಟಿಗೆ ಚೀನೀ ಅಕ್ಷರಕ್ಕೆಂದೇ ಮಾಡಿದ ನಿಬ್ಬು ಎಂಬ ಹೆಸರು ಸಲ್ಲಬೇಕಾದದ್ದು ಬಾಗಿದ ನಿಬ್ಬಿಗಲ್ಲ, ಈ ಸಣ್ಣ, ಬಿಗಿಯಾದ, ಸಾದಾ ನಿಬ್ಬಿಗೆ.

ಆದ್ದರಿಂದ ಪ್ಲಾಟಿನಂ ಪ್ರೆಪ್ಪಿ ಕೊಳ್ಳಿ. 03 ಎಂದು ಬರೆದಿರುವುದು, ಅಂದರೆ 0.3. ಕೆಲವೇ ನೂರು ರೂಪಾಯಿಯ ಪೆನ್ನು, ಮುಚ್ಚಳ ಭದ್ರವಾಗಿ ಕೂರುತ್ತದೆ, ವಾರಗಟ್ಟಲೆ ಬಿಟ್ಟರೂ ಇಂಕು ಒಣಗುವುದಿಲ್ಲ. 02 ಇನ್ನೂ ಸಣ್ಣ, ಆದರೆ ನಮ್ಮ ಒರಟು ನೋಟ್‌ಬುಕ್ ಹಾಳೆಯಲ್ಲಿ ಕೆರೆಯುತ್ತದೆ. ಪೈಲಟ್ ಕಾಕುನೋದ ಎಕ್ಸ್‌ಟ್ರಾ ಫೈನ್ ಸಿಕ್ಕರೆ ಅದೂ ಚೆನ್ನ. ಜರ್ಮನಿಯ ಲಾಮಿ ಕಂಪನಿಯ ಎಕ್ಸ್‌ಟ್ರಾ ಫೈನ್ ಹೆಸರಿಗೆ ಸಣ್ಣದಾದರೂ ಈ ಕೆಲಸಕ್ಕೆ ದಪ್ಪ. ಸಣ್ಣ ನಿಬ್ಬಿನಲ್ಲಿ ಗೆರೆಯ ದಪ್ಪ ಬದಲಾಗದು ಎಂದು ಬೇಸರ ಪಡಬೇಡಿ. ಅಕ್ಷರದ ಚೆಲುವು ಮೊದಲು ಇರುವುದು ಗೆರೆಗಳ ನಡುವಿನ ಅಂತರದಲ್ಲಿ, ಅಡ್ಡಗೆರೆ ಬಲಕ್ಕೆ ತುಸು ಏರುವುದರಲ್ಲಿ, ನಾ ಮತ್ತು ಪಿಯೆ ಒಂದನ್ನೊಂದು ತೂಗುವುದರಲ್ಲಿ. ದಪ್ಪ ಸಣ್ಣದ ಆಟ ಈ ದೋಷಗಳನ್ನು ಮುಚ್ಚಿಬಿಡುತ್ತದೆ, ಕಲಿಯುವವರಿಗೆ ಅದಕ್ಕಿಂತ ಹಾನಿ ಬೇರೆ ಇಲ್ಲ.

ದುಬಾರಿ ನಿಬ್ಬುಗಳ ಬಗ್ಗೆಯೂ ಕೇಳಿದ್ದಿರಿ. ಸೇಲರ್‌ನ ನಾಗಿನಾತ ತೊಗಿ ಎಂಬ ನಿಬ್ಬು ಅಲ್ಲಿನ ಕುಶಲಕರ್ಮಿ ನೊಬುಯೋಶಿ ನಾಗಹಾರ ಅವರ ಕೈಕೆಲಸದಿಂದ ಹೆಸರಾದದ್ದು. ಅದರಲ್ಲಿ ತುದಿಯನ್ನು ಬಾಗಿಸುವುದಿಲ್ಲ, ತುದಿಯ ಗಟ್ಟಿ ಲೋಹವನ್ನೇ ಉದ್ದಕ್ಕೆ ಬಿಟ್ಟು ಇಳಿಜಾರಾಗಿ ಉಜ್ಜಿರುತ್ತಾರೆ. ಎತ್ತಿ ಹಿಡಿದರೆ ಸಣ್ಣ, ತಗ್ಗಿಸಿದರೆ ದಪ್ಪ, ಬದಲಾವಣೆ ನಯವಾಗಿ ಆಗುತ್ತದೆ. ನಾನು ಮುಟ್ಟಿದ ನಿಬ್ಬುಗಳಲ್ಲಿ ಇಷ್ಟು ಸೊಗಸಾದದ್ದು ಇನ್ನೊಂದಿಲ್ಲ. ಆದರೆ ಮೇಲೆ ಹೇಳಿದ ದಿಕ್ಕಿನ ಲೆಕ್ಕ ಇದಕ್ಕೂ ಅಷ್ಟೇ ಅನ್ವಯ, ಹಿಡಿತ ಬಾರದವರ ಕೈಯಲ್ಲಿ ಇದು ದುಬಾರಿ ಮೀಡಿಯಂ ನಿಬ್ಬು ಮಾತ್ರ. ಪೈಲಟ್‌ನ ಎಫ್‌ಎ ನಿಬ್ಬು ಬೇರೆ ಜಾತಿ: ಭುಜದ ಎರಡೂ ಕಡೆ ಕಚ್ಚು ಕೊಟ್ಟ ಮೆತ್ತಗಿನ ಚಿನ್ನ, ಒತ್ತಿದರೇ ದಪ್ಪವಾಗುವುದು. ಅವಸರದಲ್ಲಿ ಬರೆದರೆ ಇಂಕು ಸಾಲದೆ ಒಂದು ಗೆರೆ ಎರಡಾಗಿ ಸೀಳುತ್ತದೆ. ಅದೇ ಪೈಲಟ್‌ನ ಪಿಒ ನಿಬ್ಬಿನ ಬಗ್ಗೆ ಯಾರೂ ಮಾತಾಡುವುದಿಲ್ಲ, ಅದು ಅನ್ಯಾಯ. ಅದರ ತುದಿ ಕೆಳಕ್ಕೆ ಬಾಗಿದೆ, ಲೆಕ್ಕದ ಪುಸ್ತಕದಲ್ಲಿ ಸಣ್ಣಕ್ಷರ ಬರೆಯಲೆಂದು ಮಾಡಿದ್ದು, ಹೀರುವ ಹಾಳೆಯಲ್ಲೂ ಗೆರೆ ಕೂದಲಿನಂತೆ ನಿಲ್ಲುತ್ತದೆ. ಮುಂದೆ ದುಡ್ಡು ಹಾಕುವುದಾದರೆ ಅದಕ್ಕೆ ಹಾಕಿ.

ಇಷ್ಟಾದ ಮೇಲೂ ಬಾಗಿದ ನಿಬ್ಬು ಬೇಕೆನಿಸಿದರೆ, ಬೇಡವೆನ್ನುವುದಿಲ್ಲ. ದೊಡ್ಡ ಅಕ್ಷರ, ಹಬ್ಬದ ಶುಭಾಶಯದ ಕಾರ್ಡು, ಸಹಿ, ಊರು ಕೇರಿಯ ಸ್ಕೆಚ್ಚು, ಇವಕ್ಕೆ ಅದು ಹೇಳಿಮಾಡಿಸಿದ್ದು. ಚೀನಾದಲ್ಲಿ ಇದನ್ನು ಮೆಯ್‌ಗೋಂಗ್ ಪೆನ್ ಎನ್ನುತ್ತಾರೆ, ಚಿತ್ರ ಬಿಡಿಸುವವರೂ ಬಳಸುತ್ತಾರೆ. ಚೌಕ 20 ಮಿಲಿಮೀಟರ್‌ಗಿಂತ ಸಣ್ಣದಿದ್ದರೆ ಪ್ರಯತ್ನಿಸಬೇಡಿ. ಮೊದಲಿಗೆ ಜಿನ್‌ಹಾವ್‌ನಂಥ ಅಗ್ಗದ ಚೀನೀ ಪೆನ್ನೇ ಸಾಕು. ಕನ್ನಡಕ್ಕೂ ಬಳಸಿ ನೋಡಿ. ನಮ್ಮ ಅಕ್ಷರ ದುಂಡಗಿರುವುದರಿಂದ ಸುತ್ತು ಬರುವಾಗ ಗೆರೆ ತಾನಾಗಿ ದಪ್ಪವಾಗಿ ಸಣ್ಣವಾಗುತ್ತದೆ, ನಾಲ್ಕೂವರೆಯ ಹಿಡಿತದಲ್ಲೂ ತಲೆಕಟ್ಟು ಬಲಕ್ಕೆ ಏರುವ ಕಡೆ ಚೆಂದದ ತೂಕ ಬರುತ್ತದೆ.

ಪೆನ್ನು ಕೈಗೆ ಬಂದ ಕೂಡಲೇ ಇಂಕು ತುಂಬಬೇಡಿ. ಉಗುರುಬೆಚ್ಚಗಿನ ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಕನ್ವರ್ಟರ್‌ನಿಂದ (ಇಂಕು ಎಳೆದುಕೊಳ್ಳುವ ಪುಟ್ಟ ಕೊಳವೆ) ಎಳೆದು ಬಿಟ್ಟು ತೊಳೆಯಿರಿ, ಆಮೇಲೆ ಬರಿ ನೀರಲ್ಲಿ. ಕಾರ್ಖಾನೆಯ ಎಣ್ಣೆ ಉಳಿದಿದ್ದರೆ ಇಂಕು ಇಳಿಯುವುದಿಲ್ಲ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿಯಲ್ಲಿ ನಿಬ್ಬನ್ನು ಎದುರಿನಿಂದ ನೋಡಿ. ಪಟ್ಟಿಯ ಎರಡು ಅರ್ಧಗಳು ಒಂದೇ ಮಟ್ಟದಲ್ಲಿರಬೇಕು. ಒಂದು ಮೇಲಿದ್ದರೆ ಒಂದು ದಿಕ್ಕಿಗೆ ಎಳೆಯುವಾಗ ಮಾತ್ರ ಕೆರೆಯುತ್ತದೆ. ಮೇಲಿರುವ ಹಲ್ಲನ್ನು ಉಗುರಿನಿಂದ ಮೆಲ್ಲಗೆ ಕೆಳಗೊತ್ತಿ, ಬಿಟ್ಟು, ಮತ್ತೆ ನೋಡಿ. ಉಜ್ಜುವ ಕಾಗದಕ್ಕೆ ಮೊದಲೇ ಕೈಹಾಕಬೇಡಿ.

ಬಾಗಿದ ನಿಬ್ಬು ಇಂಕನ್ನು ಧಾರಾಳವಾಗಿ ಸುರಿಯುತ್ತದೆ. ಅರ್ಧ ಮಿಲಿಲೀಟರ್ ಹಿಡಿಯುವ ಕನ್ವರ್ಟರ್ ನೋಡುನೋಡುತ್ತಲೇ ಖಾಲಿ, ಸಾಧಾರಣ ಹಾಳೆಯಲ್ಲಿ ಹಿಂಬದಿಗೂ ಇಳಿಯುತ್ತದೆ. ಸೇಲರ್ ಕಿವಾಗುರೊ ಥರದ ಪಿಗ್ಮೆಂಟ್ ಇಂಕು, ಅಂದರೆ ಬಣ್ಣ ಕರಗದೆ ಸಣ್ಣ ಕಣಗಳಾಗಿರುವ ಇಂಕು, ಹಾಳೆಯ ಮೇಲೆ ಕಡಿಮೆ ಹರಡುತ್ತದೆ. ಆದರೆ ಅದನ್ನು ಪೆನ್ನಿನಲ್ಲಿ ಒಣಗಲು ಬಿಟ್ಟರೆ ಬಿಡಿಸುವುದು ಕಷ್ಟ, ದಿನವೂ ಬರೆಯುವವರಿಗಷ್ಟೇ ಅದು. ಕುಂಚಕ್ಕೆಂದು ಬಾಟಲಿಯಲ್ಲಿ ಸಿಗುವ ಚೀನೀ ಕಪ್ಪು ಮಸಿಯನ್ನು ಯಾವ ಇಂಕ್ ಪೆನ್ನಿಗೂ ಹಾಕಬೇಡಿ. ಅದರಲ್ಲಿ ಅಂಟು ಇರುತ್ತದೆ, ನಿಬ್ಬಿಗೆ ಇಂಕು ಹರಿಸುವ ಫೀಡಿನ ಸಣ್ಣ ಕಾಲುವೆಗಳಲ್ಲಿ ಒಣಗಿ ಕೂತರೆ ಪೆನ್ನು ಮುಗಿದಂತೆ. ಚಿತ್ರ ಬಿಡಿಸಲು ಬಳಸುವ, ಇಂಡಿಯನ್ ಇಂಕ್ ಎಂದು ಕರೆಯುವ ಕಪ್ಪು ಮಸಿಯೂ ಅಷ್ಟೇ.