ಪ್ರತಿಕ್ರಿಯೆ: ಬ್ಲಡ್ ಕಲ್ಚರ್ ರಿಪೋರ್ಟ್ ಇರುವಾಗ ಬೇರೆ ಟೆಸ್ಟ್ ಯಾಕೆ?

ಹರಿಹರದಿಂದ ಕೇಳಿದ್ರಲ್ಲ, ಅಪ್ಪಾಜಿಗೆ ಯೂರಿನ್ ಇನ್ಫೆಕ್ಷನ್ ಆಗಿ ಚಳಿಜ್ವರ, ಶುಗರ್ ಬೇರೆ ಐತಿ, ದಾವಣಗೆರೆ ಡಾಕ್ಟರು ಕಲ್ಚರ್ ಜೊತಿಗೆ ಲ್ಯಾಕ್ಟೇಟ್, ಪ್ರೊಕ್ಯಾಲ್ಸಿಟೋನಿನ್ ಬರೆದಾರೆ, ಇದೆಲ್ಲ ಬೇಕಾ ಅಂತ. ಬೇಕು ರೀ, ಇವತ್ತೇ ಮಾಡಿಸ್ರಿ. ಕಲ್ಚರ್‌ನಾಗೆ ಬ್ಯಾಕ್ಟೀರಿಯಾ ಬೆಳೀಬೇಕು, ಯಾವುದು, ಯಾವ ಔಷಧಿಗೆ ಬಗ್ಗುತ್ತೆ ಅಂತ ಗೊತ್ತಾಗಕ್ಕೆ ಎರಡು ಮೂರು ದಿನ ಹಿಡೀತೈತಿ, ಸೆಪ್ಸಿಸ್ (ಸೋಂಕಿಗೆ ಮೈ ಎದುರಾಡೋ ರೀತಿ ಕೆಟ್ಟು ಅಂಗಾಂಗಕ್ಕೇ ಪೆಟ್ಟು ಬೀಳೋದು) ಆಗಿದ್ರೆ ಅಷ್ಟು ಟೈಮ್ ಇರಲ್ಲ. ಲ್ಯಾಕ್ಟೇಟ್ ಅಂದ್ರೆ ಅಂಗಾಂಗಕ್ಕೆ ರಕ್ತ, ಆಮ್ಲಜನಕ ಸಾಲದಾದಾಗ ರಕ್ತದಾಗೆ ಏರೋ ವಸ್ತು, ಅದು ಬ್ಲಡ್ ಗ್ಯಾಸ್ ಮೆಷಿನ್‌ನಾಗೆ ಕೆಲವೇ ನಿಮಿಷದಾಗೆ ಬರ್ತೈತಿ, ಲೀಟರಿಗೆ 2 ಮಿಲಿಮೋಲ್ಗಿಂತ ಜಾಸ್ತಿ ಇದ್ರೆ ಹುಷಾರಾಗಬೇಕು, 4 ದಾಟಿದ್ರೆ ಭಾಳ ಸೀರಿಯಸ್ಸು. ಪ್ರೊಕ್ಯಾಲ್ಸಿಟೋನಿನ್ ಅನ್ನೋದು ರಕ್ತದಾಗಿನ ಒಂದು ಪ್ರೊಟೀನು, ಬ್ಯಾಕ್ಟೀರಿಯಾ ಸೋಂಕಾದಾಗ ಕೆಲವು ಗಂಟೇಲೇ ಏರುತ್ತೆ, ಆದ್ರೆ ಕಿಡ್ನಿ ತೊಂದ್ರೆ ಇದ್ರೂ ದೊಡ್ಡ ಆಪರೇಷನ್ ಆಗಿದ್ರೂ ಏರುತ್ತೆ, ಹಂಗಾಗಿ ಅದೊಂದನ್ನೇ ನೋಡಿ ಹೌದು ಅಲ್ಲ ಅನ್ನೋಕಾಗಲ್ಲ. ಕಲ್ಚರ್‌ಗೆ ರಕ್ತ ಆಂಟಿಬಯೋಟಿಕ್ ಶುರು ಮಾಡೋಕೆ ಮುಂಚೆನೇ ತಗೀಬೇಕು, ಮೆಡಿಕಲ್ ಶಾಪ್‌ನಾಗೆ ಮಾತ್ರೆ ತಂದು ಕೊಟ್ಟಿದ್ರೆ ಮುಚ್ಚಿಡ್ದೆ ಡಾಕ್ಟರಿಗೆ ಹೇಳಿಬಿಡ್ರಿ.

ಇನ್ನೊಂದು, ಇದು ಮುಖ್ಯ: ಉಸಿರು ನಿಮಿಷಕ್ಕೆ 22 ಇಲ್ಲಾ ಅದಕ್ಕಿಂತ ಜಾಸ್ತಿ ಆದ್ರೆ, ಮಾತು ಅಸಂಬದ್ಧ ಆದ್ರೆ, ಮೂತ್ರ ಕಮ್ಮಿ ಆದ್ರೆ ಯಾವ ರಿಪೋರ್ಟೂ ಕಾಯಬೇಡ್ರಿ, ರಾತ್ರಿ ಎಷ್ಟೊತ್ತೇ ಆಗಿರ್ಲಿ 108ಕ್ಕೆ ಫೋನ್ ಮಾಡಿ ಐಸಿಯು ಇರೋ ಕಡೆ ಕರ್ಕೊಂಡು ಬರ್ರಿ, ದಾವಣಗೆರೆ ಚಿಗಟೇರಿ ಜಿಲ್ಲಾಸ್ಪತ್ರೆನೋ ಬಾಪೂಜಿ ಆಸ್ಪತ್ರೆನೋ.