ಮಾತ್ರೆ ಇಲ್ದೆ ಹಳೇ ಸೊಂಟನೋವು ಕಮ್ಮಿ ಆಗತ್ತಾ?

ಆಗತ್ತೆ, ಆದ್ರೆ ನಿಧಾನ. 3 ತಿಂಗ್ಳು ದಾಟಿದ ಸೊಂಟನೋವನ್ನ ಕ್ರಾನಿಕ್ ಅಂತಾರೆ, ಇದಕ್ಕೆ ಮೊದ್ಲು ಮಾತ್ರೆ ಅಲ್ಲ, ವ್ಯಾಯಾಮ, ಯೋಗ ಇಂಥದ್ದನ್ನ ಟ್ರೈ ಮಾಡಿ ಅಂತ ಅಮೆರಿಕದ ವೈದ್ಯರ ಸಂಘ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲೇ ಹೇಳಿದೆ. ನಮ್ಮಲ್ಲಿ ಮಾಡೋ ದೊಡ್ಡ ತಪ್ಪು ಬೆಡ್ ರೆಸ್ಟ್, ಮಲಗಿದಷ್ಟೂ ಸ್ನಾಯು ಸೊರಗಿ ಬೆನ್ನು ಇನ್ನೂ ಬಿಗಿಯಾಗತ್ತೆ.

ನಾನು ಮಾಡೋದು ಇಷ್ಟೇ, ಚಾಪೆ ಮೇಲೆ ಅಂಗೈ ಮಂಡಿ ಊರಿ, ಬಲಗೈ ಮುಂದಕ್ಕೆ ಎಡಗಾಲು ಹಿಂದಕ್ಕೆ ಚಾಚಿ 8-10 ಸೆಕೆಂಡ್ ಹಿಡಿಯೋದು, ಆಮೇಲೆ ಇನ್ನೊಂದ್ ಕಡೆ (ಶುರುನಲ್ಲಿ ಮೈಯೆಲ್ಲಾ ಗಡಗಡ ನಡುಗತ್ತೆ, ಮನೆಯವ್ರು ನಗ್ತಾರೆ, ನಗ್ಲಿ ಬಿಡಿ), ಜೊತೆಗೆ ಸೇತುಬಂಧಾಸನ (ಅಂಗಾತ ಮಲಗಿ, ಮಂಡಿ ಮಡಚಿ ಸೊಂಟ ಮೇಲೆತ್ತೋದು), ಸಂಜೆ ಅರ್ಧ ಗಂಟೆ ವಾಕಿಂಗ್. ಒಂದೆರಡು ವಾರಕ್ಕೆ ಏನೂ ಗೊತ್ತಾಗಲ್ಲ, ಬಿಡ್ಬೇಡಿ. ಆಫೀಸಲ್ಲಿ ಚೇರಿಗೆ ಅಂಟ್ಕೊಂಡ್ ಕೂರ್ಬೇಡಿ, ಆಗಾಗ ಎದ್ದು ನೀರು ಕುಡ್ಕೊಂಡ್ ಬನ್ನಿ. ಬಿಸಿನೀರಿನ ಚೀಲ ಆ ಹೊತ್ತಿಗೆ ಹಿತ, ಅಷ್ಟೇ.

ಎಂಆರ್‌ಐಲಿ ಡಿಸ್ಕ್ (ಬೆನ್ನುಮೂಳೆಗಳ ಮಧ್ಯದ ಮೆತ್ತೆ) ಉಬ್ಬಿದೆ ಅಂತ ಬಂದ್ರೆ ಗಾಬರಿ ಬೇಡ, ನೋವೇ ಇಲ್ದಿರೋ ಎಷ್ಟೋ ಜನಕ್ಕೂ ಅದಿರತ್ತೆ. ಆದ್ರೆ ಕಾಲಲ್ಲಿ ಬಲ ಹೋಗ್ತಿದ್ರೆ, ತೊಡೆಸಂದಿ ಜೋಮು ಹಿಡಿದ್ರೆ, ಮೂತ್ರದ ಹತೋಟಿ ತಪ್ಪಿದ್ರೆ ಈ ವ್ಯಾಯಾಮ ಎಲ್ಲಾ ಬದಿಗಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ.